ತುದಿ ಚಿವುಟಿದ ಕಥೆಗಳು

ಮನೆಮನೆಗೆ ಎಲೆ ಕೊಡುತ್ತಿದ್ದ ಎಲಿ ಮಾಮಾ ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಉದ್ದ ಬಿಟ್ಟಿದ್ದರು. ಉಳಿದವನ್ನು ಒಪ್ಪವಾಗಿ ಕತ್ತರಿಸಿಕೊಂಡು ಇದೊಂದನ್ನು ಸಾಕಿದ್ದರು. ವೀಳ್ಯದೆಲೆಯ ರಸ ಕುಡಿದು ಕುಡಿದು ಅದು ಕಪ್ಪು ಹಸಿರಾಗಿತ್ತು. ನಮ್ಮ ಮನೆಯ ಹೊರಕಟ್ಟೆಯ ಮೇಲೆ ಕುಳಿತು, ಒದ್ದೆ ಅರಿವೆಯ ಗಂಟಿನಿಂದ ನಮ್ಮ ಪಾಲಿನ ಎಲೆ ತೆಗೆದಿಟ್ಟ ಮೇಲೆ ತಮಗೊಂದು ಆರಿಸಿಕೊಳ್ಳುತ್ತಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿ, ಆ ಉಗುರಿನಿಂದ ತೊಟ್ಟು ಚಿವುಟಿ, ತುದಿ ಚಿವುಟಿ, ಸುಣ್ಣ ಸವರಿ ಮಡಚುತ್ತಿದ್ದರು. ಎಲೆ ಬಾಯಿಗೆ ಹೋಯಿತೆಂದರೆ ಕಥೆ ಸುರುವಾಗುತ್ತದೆ ಎಂದು ಒಳಗಿದ್ದ ನಮಗೆಲ್ಲ ಗೊತ್ತಿತ್ತು.

ನಮ್ಮದು ಸವಣೂರಿನಲ್ಲಿ ಮಠದ ಹತ್ತಿರದ ಓಣಿ. ಮಾಮಾರ ಮನೆ ಮಸೀದಿಯ ಹಿಂದೆ, ಎಲೆಬಳ್ಳಿಯ ತೋಟ ಊರ ಹೊರಗೆ. ಅಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವರು, ಅಜ್ಜಿಗೆ ಮಗನ ಸಮಾನ. ಊರಾಚೆಯ ಬಯಲಿನಲ್ಲಿ ಸಿನಿಮಾದ ಡೇರೆ ಬಿದ್ದಾಗ ನಮ್ಮ ಓಣಿಯ ಹೆಂಗಸರು ಅತ್ತ ಮುಖ ಹಾಕುವಂತಿರಲಿಲ್ಲ. ಮಾಮಾ ನೋಡಿಬಂದು ಹೇಳುತ್ತಿದ್ದರು. ಬಾಗಿಲಿನ ಹಿಂದೆ ಅಜ್ಜಿ, ಅವ್ವ, ಚಿಕ್ಕಪ್ಪನ ಹೆಂಡತಿ ಕಾಕು, ನಾನು. ಹಿಂದುಸ್ತಾನಿಯೋ ಮರಾಠಿಯೋ, ಯಾವ ಮಾತಿನ ಸಿನಿಮಾ ಆದರೂ ಅವರ ಬಾಯಲ್ಲಿ ನಮ್ಮೂರ ಕನ್ನಡವಾಗಿ, ಸವಣೂರಿನ ಕುರುಕಲು ಖಾರದ ಹಾಗೆ ಗರಿಗರಿಯಾಗಿ ಬರುತ್ತಿತ್ತು. ನಾಯಕಿಯ ಅಳು ಕೂಡ ಅವರೇ ಅಳುತ್ತಿದ್ದರು.

ಆದರೆ ಒಂದು ಕಥೆಗೂ ಕೊನೆ ಇರುತ್ತಿರಲಿಲ್ಲ. ಮನಸ್ಸು ಒಂದು ಹೇಳಿ, ಮಂದಿ ಇನ್ನೊಂದು ಹೇಳಿ, ಹುಡುಗಿ ನಡುವೆ ಸಿಕ್ಕಿಕೊಂಡಳು ಎನ್ನುವ ಹೊತ್ತಿಗೆ ಸರಿಯಾಗಿ, "ಆವಾಗ ನಾ ಎದ್ದು ಬಂದೇನ್ರಿ. ಬೆಳಿಗ್ಗೆ ಗಾಡಿಗೆ ಎಲಿ ಹೇರಬೇಕಿತ್ತು. ಮುಂದ ಆಕಿ ಏನ್ ಮಾಡಬೇಕು, ನೀವ ಹೇಳ್ರಿ," ಎನ್ನುತ್ತಿದ್ದರು. ಕಾಕು ಕಟ್ಟಿದ ಕೊನೆಯಲ್ಲಿ ಎಲ್ಲರಿಗೂ ಆಸ್ತಿ ಸಿಗುತ್ತಿತ್ತು. ಅಜ್ಜಿಯ ಕೊನೆಗೆ ಪುರಾಣದ ಆಧಾರ ಬೇಕೇ ಬೇಕು. ಅವ್ವ ಮಾತ್ರ ಸುಮ್ಮನಿರುತ್ತಿದ್ದಳು. ಮಾಮಾ ಬಿಡುತ್ತಿರಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲೋ," ಎಂದು ಅಜ್ಜಿ ಒಮ್ಮೆ ನಕ್ಕಳು.

"ನಮ್ಮ ಮಂದಿನೂ ಹಂಗ ಅಂತಾರ್ರಿ, ಅವ್ವಾರ. ನಾ ಮಾತ್ರ ಒಪ್ಪಂಗಿಲ್ಲ. ಬಾಯಿ ಬಿಟ್ಟು ಹೇಳಿದ್ರಷ್ಟ ಅದು ಮಾತು," ಎಂದರು ಮಾಮಾ. ನಗಲಿಲ್ಲ.

ನನಗೆ ಹುಟ್ಟಿದಾಗಿನಿಂದ ಕೆದಕುವ ಬುದ್ಧಿ. ಸವಣೂರಿನಿಂದ ಎದ್ದ ಡೇರೆ ಬಂಕಾಪುರಕ್ಕೋ ಶಿಗ್ಗಾಂವಿಗೋ ಹೋಗುತ್ತಿತ್ತು. ಆ ಸಂತೆಗಳಿಗೆ ಎಲೆ ಒಯ್ಯುತ್ತಿದ್ದ ಮಾಮಾ ಅಲ್ಲೂ ಅದೇ ಸಿನಿಮಾ ನೋಡುತ್ತಾರೆಂದು ಅವರ ಗಾಡಿ ಹೊಡೆಯುವವನೇ ಹೇಳಿದ್ದ. ಮತ್ತೆ ಮತ್ತೆ ನೋಡಿದವರಿಗೆ ಕೊನೆ ಹೇಗೆ ಗೊತ್ತಿಲ್ಲ? ಗೊತ್ತಿದ್ದರೆ ಯಾಕೆ ಮುಚ್ಚಿಡುತ್ತಾರೆ? ಕೇಳಿದರೆ, "ನೀ ಸಾಲಿ ಮಾಸ್ತರ ಆಗಾಕ ಲಾಯಕ್ ಅದಿ ನೋಡವ," ಎಂದು ಮಾತು ಹಾರಿಸುತ್ತಿದ್ದರು.

ಅದೇ ನನ್ನ ಆಸೆಯೂ ಆಗಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಸಿಗುತ್ತಿದ್ದ ಕಾಲ. ಆದರೆ ಎರಡನೆಯ ಮಹಾಯುದ್ಧ ಸುರುವಾದ ವರ್ಷ ಅಪ್ಪ ನನಗೊಂದು ಗಂಡು ಗೊತ್ತು ಮಾಡಿದ. ಹಿರೇಕೆರೂರಿನ ಕಡೆ, ಚಿಕ್ಕೇರೂರಿನವರು. ಹೊಲ ಮನೆ ದಂಡಿಯಾಗಿತ್ತು. ಹೆಂಡತಿ ತೀರಿಕೊಂಡಿದ್ದಳು, ದೊಡ್ಡ ಮಗಳು ನನ್ನ ಓರಗೆಯವಳು. ಅಪ್ಪ ಮಾತು ಕೊಟ್ಟುಬಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ನಿಶ್ಚಯಕ್ಕೆ ಎಲೆ ಬೇಕೆಂದು ಅಪ್ಪ ಹೇಳಿದ್ದು ಮಾಮಾರಿಗೇ. ಊರಿನಲ್ಲಿ ಯಾವ ಮದುವೆಯ ಸುದ್ದಿಯೂ ಮೊದಲು ಎಲೆಯವರ ಕಿವಿಗೇ ಬೀಳುವುದು.

ಮರುದಿನವೇ ಮಾಮಾ ಹೊಸ ಸಿನಿಮಾದ ಕಥೆ ತಂದರು. ಓದಿನ ಹುಚ್ಚಿನ ಒಬ್ಬ ಹುಡುಗಿ. ತಂದೆ ವಯಸ್ಸಾದ ಸಾಹುಕಾರನಿಗೆ ಮಾತು ಕೊಟ್ಟಿದ್ದಾನೆ. ಹಂದರದಲ್ಲಿ ಮಂದಿ ಕೂತಿದ್ದಾರೆ. ತಂದೆ ಒಳಗೆ ಬಂದು ಕೇಳುತ್ತಾನೆ, "ಏನಂತಿ, ಮಗಳ?"

"ಆವಾಗ ನಾ ಎದ್ದು ಬಂದೇನ್ರಿ," ಎಂದರು ಮಾಮಾ.

ಕಾಕು ತಟ್ಟನೆ, "ಬ್ಯಾಡ ಅನ್ನಬೇಕು," ಎಂದಳು. ಅಜ್ಜಿ ಗದರಿದಳು: ತಂದೆಯ ಮಾತು ಉಳಿಸುವುದು ಮಕ್ಕಳ ಧರ್ಮ, ರಾಮ ಕಾಡಿಗೆ ಹೋಗಲಿಲ್ಲವೇ? ಮಾಮಾ ಎದುರಾಡಲಿಲ್ಲ. ಮರುದಿನ ಬಂದು ಮತ್ತೆ ಅಲ್ಲಿಂದಲೇ ಎತ್ತಿದರು: "ರಾಮ ಹದಿನಾಲ್ಕು ವರ್ಷಕ್ಕ ತಿರುಗಿ ಬಂದ್ರಿ, ಅವ್ವಾರ. ಈ ಹುಡುಗಿ ಯಾವಾಗ ತಿರುಗಿ ಬರ್ತಾಳ?" ಅಜ್ಜಿಗೆ ಅಂದು ಊಟ ರುಚಿಸಲಿಲ್ಲ. ಬತ್ತಿ ಹೊಸೆಯುತ್ತಾ ತನ್ನಷ್ಟಕ್ಕೆ ತಾನೇ ಗೊಣಗುತ್ತಿದ್ದಳು. ಮುಂದಿನ ಸಲ ಮಾಮಾ ಗಂಟು ಬಿಚ್ಚುವ ಮೊದಲೇ ಒಳಗಿನಿಂದ ಕೂಗಿ ಹೇಳಿದಳು:

"ಬ್ಯಾಡ ಅನ್ಲಿ ಆಕಿ. ಅಪ್ಪನ ಮಾತು ದೊಡ್ಡದು ಖರೆ. ಬಾಳೇವು ಮಾಡಾಕಿ ಆಕಿ, ಅಪ್ಪ ಅಲ್ಲ."

ಮಾಮಾ ಎಲೆಯ ತುದಿ ಚಿವುಟುತ್ತಾ ಕೇಳಿದರು, "ಒಳಗ ಇನ್ನೊಬ್ಬಾಕಿ ಅದಾಳಲ್ಲ. ಆಕಿ ಏನೂ ಹೇಳಲಿಲ್ಲ."

ನಾನು ಬಾಗಿಲಿನ ಹತ್ತಿರ ಸರಿದೆ. "ಬ್ಯಾಡ," ಎಂದೆ.

"ಹೌದವ, ಅದನ್ನ ನಾನೂ ಹೇಳಿದ್ದು. ಬ್ಯಾಡ ಅನ್ಲಿ ಆ ಹುಡುಗಿ," ಎಂದಳು ಅಜ್ಜಿ.

"ಆ ಹುಡುಗಿ ಅಲ್ಲ, ಅಜ್ಜಿ. ನಾನು."

ಕಾಕು ಬಾಯಿಗೆ ಸೆರಗು ಹಿಡಿದಳು. ಅವ್ವ ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಹೊರಗೆ ಮಾಮಾ ಗಂಟು ಕಟ್ಟಿಕೊಂಡು, "ಬರ್ತೇನ್ರಿ, ಅವ್ವಾರ," ಎಂದು ಎದ್ದುಹೋದರು. ಕಥೆ ಅಲ್ಲಿಗೆ ನಿಂತಿತು.

ಸಂಜೆ ಅಜ್ಜಿ ಅಪ್ಪನ ಎದುರು ನಿಂತಳು. "ನನ್ನ ಬಾಯಿಂದ ಒಂದು ಮಾತು ಹೋಗೇದ. ಅದನ್ನ ತಿರುಗಿ ನುಂಗಂಗಿಲ್ಲ ನಾ," ಎಂದಳು. ಅಪ್ಪ ಕೆಂಡವಾದ. ಊರೆಲ್ಲ ಸಿನಿಮಾ ನೋಡಿ ಕೆಟ್ಟರೆ ನೋಡದೆಯೇ ಕೆಟ್ಟದ್ದು ನಮ್ಮ ಮನೆಯೊಂದೇ ಎಂದ. ಆದರೂ ತಾಯಿಯ ಮಾತು ಮೀರಲಾರದೆ ಚಿಕ್ಕೇರೂರಿಗೆ ಹೋಗಿ ಮಾತು ಹಿಂದೆ ತೆಗೆದುಕೊಂಡು, ತಲೆ ತಗ್ಗಿಸಿ ಬಂದ. ಅದಕ್ಕಾಗಿ ಅಪ್ಪನ ಮೇಲೂ ನನಗೆ ಗೌರವವಿದೆ. ಮಾಮಾರಿಗೆ ಮಾತ್ರ ನಮ್ಮ ಕಟ್ಟೆ ಬಂದ್ ಆಯಿತು. ಬೇರೆಯವರ ಎಲೆ ಬಂತು. ಬಂದ ಎಲೆಯನ್ನೆಲ್ಲ ಅಜ್ಜಿ ದೇವರಿಗೆ ಏರಿಸಲು ಒಲ್ಲೆನೆಂದು ಹೊರಳಿಸಿ ಹೊರಳಿಸಿ ಹುಳುಕು ತೆಗೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನಿಗೇ ಸಾಕಾಗಿ ಮಾಮಾರನ್ನು ಕರೆದ.

ನಾನು ಮುಲ್ಕಿ ಪಾಸಾಗಿ ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಕೆಗೆ ಹೋದೆ. ಒಂದು ವರ್ಷ ಅಲ್ಲಿಗೂ ಡೇರೆ ಬಂತು, ಹಳೆಯ ಸಿನಿಮಾ ತಂದಿತ್ತು. ಸ್ವಲ್ಪ ನೋಡುತ್ತಲೇ ಗುರುತು ಹತ್ತಿತು. ಅದೇ ಹುಡುಗಿ, ಅದೇ ಹಂದರ. ತಂದೆ ಬಂದು ಕೇಳುತ್ತಾನೆ. ಹುಡುಗಿ ಏನೂ ಹೇಳುವುದಿಲ್ಲ, ತಲೆ ಬಗ್ಗಿಸುತ್ತಾಳೆ, ಅಷ್ಟೆ. ತಂದೆ ಹೊರಗೆ ಬಂದು "ಒಪ್ಪಿದಳು" ಎನ್ನುತ್ತಾನೆ. ವಾದ್ಯ ಮೊಳಗಿತು. ಡೇರೆ ತುಂಬ ಚಪ್ಪಾಳೆ. ನನಗೆ ಸಿಟ್ಟು ಬಂದು ಕಣ್ಣಲ್ಲಿ ನೀರು ಬಂತು.

ರಜೆಗೆ ಊರಿಗೆ ಹೋದಾಗ ತೋಟಕ್ಕೇ ಹೋಗಿ ಕೇಳಿದೆ. "ಮಾಮಾ, ಕೊನೀ ನಿಮಗ ಗೊತ್ತಿತ್ತು ಹೌದಲ್ಲ?"

ಅವರು ಬಳ್ಳಿ ಕಟ್ಟುತ್ತಿದ್ದರು. ಕೈಯಲ್ಲಿದ್ದ ಗಂಟು ಬಿಗಿದು ನನ್ನತ್ತ ತಿರುಗಿದರು.

"ನಮ್ಮಲ್ಲಿ ನಿಕಾಹಕ್ಕ ಮದಲ ಹುಡುಗೀನ್ನ ಕೇಳಬೇಕವ. ಕಾಯ್ದೇನ ಹಂಗೈತಿ. ನನ್ನ ತಂಗೀನ್ನ ಕೇಳಾಕ ಪರದೇದ ಹತ್ರ ಹೋದಾಂವ ನಾನ. ಕಬೂಲ ಏನು, ಒಪ್ಪಿಗಿ ಐತೇನು ಅಂದೆ. ಆಕಿ ಸುಮ್ಮನಿದ್ದಳು. ಮತ್ತ ಕೇಳಿದೆ. ಸುಮ್ಮನಿದ್ದಳು. ಹೊರಗ ಮಂದಿ ಕೂತಿತ್ತು, ನಮ್ಮ ಅಬ್ಬಾನ ಮಾನ ಹೋಗ್ತಿತ್ತು. ಬಂದು, ಕಬೂಲ ಅಂದ್ಲು, ಅಂತ ಹೇಳಿಬಿಟ್ಟೆ." ಆ ಕಪ್ಪು ಉಗುರಿನಿಂದ ಒಂದು ಎಲೆಯ ತುದಿ ಚಿವುಟಿ ಕೆಳಗೆ ಹಾಕಿದರು. "ಒಂದಿನಾನೂ ನನ್ನ ಬೈದಿಲ್ಲ ಆಕಿ. ಬೈದಿದ್ರ ಚೊಲೋ ಇತ್ತು."

ನಮ್ಮ ಬಾಗಿಲ ಹಿಂದಿನಿಂದ ಒಂದು ದನಿಗಾಗಿ ಅವರು ಅಷ್ಟು ತಾಳ್ಮೆಯಿಂದ ಕಾಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅವರ ಮೇಲೆ ನನಗಿದ್ದ ಪ್ರೀತಿ ಅದನ್ನು ಕೇಳಿದ ಮೇಲೆ ಹೆಚ್ಚೇ ಆಯಿತು.

ನಾಲ್ವತ್ತರ ದಶಕ ಮುಗಿಯುವ ಮೊದಲು ಮಾಮಾ ತೀರಿಕೊಂಡರು. ಸುದ್ದಿ ಕೇಳಿ ಹಾನಗಲ್ಲಿನಿಂದ ಬಂದೆ. ಮಸೀದಿಯ ಹಿಂದಿನ ಆ ಮನೆಯ ಹೊಸ್ತಿಲು ಅಂದೇ ಮೊದಲು ದಾಟಿದ್ದು. ಹೆಂಗಸರ ನಡುವೆ ಒಬ್ಬ ಮುದುಕಿ ಗೋಡೆಗೊರಗಿ ಕೂತಿದ್ದಳು. ಬಂಕಾಪುರಕ್ಕೆ ಕೊಟ್ಟ ಮಾಮಾರ ತಂಗಿ ಎಂದು ಯಾರೋ ಹೇಳಿದರು. ನಾನು ಎದುರಿಗೆ ಕೂತೆ. ಆಕೆಯೇ ನನ್ನ ಮುಖವನ್ನು ಹತ್ತಿರದಿಂದ ನೋಡಿ ಕೇಳಿದಳು:

"ಬ್ಯಾಡ ಅಂದಾಕಿ ನೀನ ಏನವ? ಭಾಯಿ ಹೇಳಿದ್ದ."

ತಲೆಯಾಡಿಸಿದರೆ ಸಾಕಾಗಿತ್ತು. ಆದರೂ, "ಹೌದ್ರಿ, ನಾನ," ಎಂದು ಬಾಯಿ ಬಿಟ್ಟೇ ಹೇಳಿದೆ.