ಪರದೆಯ ಮೇಲೆ ನಾಲ್ಕು ಡಿಗ್ರಿ

ಬಸ್ ನಿಲ್ದಾಣದ ಮೂತ್ರಾಲಯದ ಪಕ್ಕ ಹಾದುಹೋಗುವಾಗ ಎಲ್ಲರೂ ಮೂಗು ಮುಚ್ಚಿಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ನಾನು ನಿಂತುಬಿಡುತ್ತೇನೆ. ಆ ಘಾಟು ಬಡಿದ ಕೂಡಲೇ ನನ್ನ ಕೈ ತಾನಾಗಿ ನೀರು ಹುಡುಕುತ್ತದೆ. ಜೊತೆಗಿದ್ದರೆ ಹೆಂಡತಿ ತೋಳು ಹಿಡಿದು ಮುಂದಕ್ಕೆ ಎಳೆಯುತ್ತಾಳೆ. ಏನಾಯಿತೆಂದು ಕೇಳುವುದನ್ನು ಅವಳು ಬಿಟ್ಟು ಬಹಳ ಕಾಲವಾಯಿತು.

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಕೆ.ಆರ್. ಪೇಟೆಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ, ನಾಗಮಂಗಲದಿಂದ ಬೆಳ್ಳೂರಿಗೆ ಹೋಗುವ ರಸ್ತೆಯ ಒಂದು ಖಾಸಗಿ ಹಾಲಿನ ಘಟಕದಲ್ಲಿ ಕೆಲಸ ಸಿಕ್ಕಿತ್ತು. ಸುತ್ತಲಿನ ಊರುಗಳಿಂದ ಕ್ಯಾನುಗಳಲ್ಲಿ ಬಂದ ಹಾಲನ್ನು ಅಲ್ಲಿ ತಣ್ಣಗೆ ಮಾಡಿ ಟ್ಯಾಂಕರಿಗೆ ತುಂಬುತ್ತಿದ್ದರು. ಹಾಲಿನ ಜಿಡ್ಡು, ಹುಳಿ, ಕಾವು ನೋಡುವುದು ನನ್ನ ಪಾಲಿನ ಕೆಲಸ. ಹಾಲು ತಣ್ಣಗಾಗುತ್ತಿದ್ದುದು ಅಮೋನಿಯಾದಿಂದ, ಮೂತ್ರಾಲಯದ ಘಾಟಿನದೇ ಅನಿಲ. ಹಿಂದಿನ ಮೆಷಿನ್ ರೂಮಿನಲ್ಲಿ ಕಂಪ್ರೆಸರ್ ಆ ಅನಿಲವನ್ನು ಅಮುಕುತ್ತಿತ್ತು, ಹಿತ್ತಲ ಪಂಪಿನ ನೀರು ಪೈಪುಗಳ ಮೇಲೆ ಸುರಿದು ಅದರ ಕಾವು ಇಳಿಸುತ್ತಿತ್ತು. ನೀರು ನಿಂತರೆ ಒತ್ತಡ ಏರುತ್ತದೆ. ಏರುತ್ತಲೇ ಹೋದರೆ ಎಲ್ಲೋ ಒಂದು ಕಡೆ ಒಡೆಯಲೇಬೇಕು.

ಮೆಷಿನ್ ರೂಮು ನೋಡಿಕೊಳ್ಳುತ್ತಿದ್ದವರು ಪಾಂಡವಪುರದ ಕಮ್ಮಾರರ ಮನೆತನದವರು. ನಾವೆಲ್ಲ ಆಚಾರ್ರೇ ಎನ್ನುತ್ತಿದ್ದೆವು. ಅವರು ನನ್ನನ್ನು ಕರೆಯುತ್ತಿದ್ದುದು ಬಿಯೆಸ್ಸಿ ಎಂದು. ಮಾಲೀಕರು ಶ್ರೀರಂಗಪಟ್ಟಣದ ಕಡೆಯ ಗೌಡರು, ಹೊಸದೆಂದರೆ ಆಸೆಪಡುವವರು. ಆ ವರ್ಷ ಬೆಂಗಳೂರಿನ ಒಂದು ಕಂಪನಿಯವರು ಬಂದು, ಇಡೀ ಘಟಕವನ್ನು ಕಂಪ್ಯೂಟರೇ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಟ್ಟರು. ಆಫೀಸಿನಲ್ಲಿ ಕೂತೇ ಹಾಲಿನ ಕಾವು, ಅನಿಲದ ಒತ್ತಡ, ಪಂಪು ಓಡುತ್ತಿದೆಯೋ ಇಲ್ಲವೋ, ಎಲ್ಲ ಬಣ್ಣಬಣ್ಣವಾಗಿ ಪರದೆಯ ಮೇಲೆ. ಪಂಪನ್ನು ಶುರುಮಾಡುವುದೂ ಇನ್ನು ಅದೇ. ಒತ್ತಡ ಮೀರಿದರೆ ಕಂಪ್ರೆಸರನ್ನು ತಾನೇ ನಿಲ್ಲಿಸುತ್ತಿದ್ದ ಒಂದು ಹಳೆಯ ಪೆಟ್ಟಿಗೆ ಗೋಡೆಯ ಮೇಲಿತ್ತು. ಇನ್ನು ಅದನ್ನೂ ಕಂಪ್ಯೂಟರೇ ಮಾಡುತ್ತದೆ ಎಂದು ಕಂಪನಿಯವರು ಅದನ್ನು ಕಳಚಿಹಾಕಿದರು. ಹಗಲಿರುಳು ಯಾವಾಗ ಬೇಕಾದರೂ ಫೋನ್ ಮಾಡಿ ಎಂದು ಹೇಳಿ ಹೋದರು. ಆಮೇಲೆ ನಾವು ಮಾಡಿದ ಫೋನುಗಳಿಗೆಲ್ಲ ಸಿಕ್ಕ ಉತ್ತರ ಒಂದೇ: ನಿಮ್ಮ ಕೆಲಸ ಮಾಡಿದ ಎಂಜಿನಿಯರ್ ಕಂಪನಿ ಬಿಟ್ಟಿದ್ದಾರೆ, ಹೊಸಬರನ್ನು ಕಳಿಸುತ್ತೇವೆ. ಹೊಸಬರು ಬರಲಿಲ್ಲ.

ಆಯುಧಪೂಜೆ ಬಂತು. ಹಬ್ಬವಾದರೂ ಹಾಲು ನಿಲ್ಲುವುದಿಲ್ಲ. ಬೆಳಗಿನ ಹಾಲು ಟ್ಯಾಂಕಿಗೆ ಬಿದ್ದ ಮೇಲೆ ಆಚಾರ್ರು ಮೇನ್ ಸ್ವಿಚ್ಚು ಇಳಿಸಿ ಎಲ್ಲ ಯಂತ್ರಗಳನ್ನೂ ನಿಲ್ಲಿಸಿದರು. ಓಡುವ ಯಂತ್ರಕ್ಕೆ ಪೂಜೆಯಿಲ್ಲ. ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವು ಏರಿಸಿದರು. ಸ್ಪ್ಯಾನರಿನಿಂದ ಹಿಡಿದು ಪೊರಕೆಯವರೆಗೆ ಕುಂಕುಮ ಬಿತ್ತು. ಕಂಪ್ರೆಸರಿನ ತಲೆಯ ಮೇಲಿದ್ದ ಒತ್ತಡದ ಗೇಜು ದುಂಡಗೆ ಮುಖದ ಹಾಗೇ ಇತ್ತು. ಅದರ ಗಾಜಿಗೆ ಮೂರು ಪಟ್ಟೆ ವಿಭೂತಿ ದಪ್ಪಗೆ ಬಳಿದು, ನಡುವೆ ಕುಂಕುಮವಿಟ್ಟು ಕೈಮುಗಿದರು. ಪ್ರತಿ ವರ್ಷವೂ ಹಾಗೆಯೇ. ಹಳೆಯ ಪೆಟ್ಟಿಗೆ ಗೋಡೆಯ ಮೇಲಿದ್ದಾಗ ಗೇಜಿನ ಮುಖ ಒಂದು ದಿನ ಮುಚ್ಚಿದ್ದರೂ ನಡೆಯುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಚೌಕಟ್ಟಿನ ಮೂಲೆಯಲ್ಲಿ ಒಂದು ಚುಕ್ಕೆ. ಪರದೆ ಮುಟ್ಟಬೇಡಿ ಎಂದು ಕಂಪನಿಯವರು ಹೇಳಿದ್ದರಲ್ಲ.

ಬೂದುಗುಂಬಳ ಒಡೆದು, ಪುರಿ ಸಿಹಿ ಹಂಚಿ, ಮೇನ್ ಏರಿಸಿದೆವು. ಪರದೆ ಬೆಳಗಿತು. ಪಂಪು ಹಸಿರು, ಒತ್ತಡ ಹಸಿರು, ಹಾಲು ನಾಲ್ಕು ಡಿಗ್ರಿ. ಆಚಾರ್ರು ಎಂದಿನಂತೆ ಕೈಯಿಂದಲೇ ಶುರುಮಾಡಿದ ಕಂಪ್ರೆಸರ್ ಗುಡುಗತೊಡಗಿತು. ರಸ್ತೆಯಲ್ಲಿ ಹೂ ಕಟ್ಟಿದ ಲಾರಿ, ಟ್ರಾಕ್ಟರುಗಳು ಒಂದೇ ಸಮನೆ ಹಾರನ್ ಬಡಿಯುತ್ತಾ ಹೋಗುತ್ತಿದ್ದವು. ಹಿತ್ತಲಿನಲ್ಲಿ ನೀರು ಬೀಳುವ ಸದ್ದು ಇದೆಯೋ ಇಲ್ಲವೋ ಯಾರ ಕಿವಿಗೂ ಹೋಗಲಿಲ್ಲ.

ಮಧ್ಯಾಹ್ನ ಟ್ಯಾಂಕಿನಿಂದ ಹಾಲು ತೆಗೆದು ಥರ್ಮಾಮೀಟರ್ ಅದ್ದಿದೆ. ಪಾದರಸ ನಾಲ್ಕು ದಾಟಿ, ಹತ್ತನ್ನೂ ದಾಟಿ ನಿಂತಿತು. ಮತ್ತೊಮ್ಮೆ ಅದ್ದಿದೆ. ಆಫೀಸಿಗೆ ಹೋಗಿ ಪರದೆ ನೋಡಿದೆ. ನಾಲ್ಕು.

"ಆಚಾರ್ರೇ, ಹಾಲು ಬೆಚ್ಚಗಾಗ್ತಿದೆ."

ಬಾಗಿಲಲ್ಲಿ ಕೂತು ಪುರಿ ತಿನ್ನುತ್ತಿದ್ದವರು ನಕ್ಕರು. "ನಿನ್ ಕಡ್ಡಿಗೂ ಪೂಜೆ ಮಾಡ್ಬೇಕಿತ್ತು ಕಣ್ಲಾ ಬಿಯೆಸ್ಸಿ. ಮುನಿಸ್ಕೊಂಡದೆ."

"ತಮಾಷೆ ಅಲ್ಲ. ಗೇಜು ನೋಡಿ ಬನ್ನಿ."

ಹೋಗಿ ಬಂದರು. "ವಿಭೂತಿ ಅದೆ, ಮುಳ್ಳು ಕಾಣಾಕಿಲ್ಲ."

"ಒರೆಸಿ ಮತ್ತೆ."

"ಪೂಜೆ ಮಾಡಿದ್ನ ನಾಳೆಗಂಟ ಒರೆಸಂಗಿಲ್ಲ ಕಣಪ್ಪ. ನಮ್ಮಪ್ಪನ ಕಾಲದಿಂದ್ಲೂ ಒರೆಸಿಲ್ಲ. ಅಷ್ಟಕ್ಕೂ ಟೀವೀಲಿ ಎಲ್ಲಾ ಹಸ್ರಾಗೇ ಅದಲ್ಲ?"

ಅಷ್ಟರಲ್ಲಿ ಗೌಡರು ಬಂದರು. ನನ್ನ ಥರ್ಮಾಮೀಟರನ್ನು ತಿರುಗಿಸಿ ತಿರುಗಿಸಿ ನೋಡಿ, ಕಂಪನಿಗೆ ಫೋನ್ ಮಾಡಲು ಹೇಳಿದರು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ. ಕಾವಲಿನವನು ಎತ್ತಿ, "ಇವತ್ತು ಆಯುಧಪೂಜೆ, ಎಲ್ಲಾ ಮನೆಗೆ ಹೋದ್ರು" ಎಂದು ಇಟ್ಟುಬಿಟ್ಟ. ಮೂರನೆಯ ಸಲ ಗೋಗರೆದ ಮೇಲೆ ಒಳಗಿದ್ದ ಯಾರನ್ನೋ ಕರೆಯಲು ಹೋದ. ಕಿವಿಯಲ್ಲಿ ಟಿಣಿಟಿಣಿ ರಾಗ ಶುರುವಾಯಿತು. ಮೆಷಿನ್ ರೂಮಿನ ಗುಡುಗು ಬದಲಾಗಿತ್ತು. ಏರು ಹತ್ತಲಾರದ ಲಾರಿಯ ಹಾಗೆ ನರಳುತ್ತಿತ್ತು. ರಾಗ ಮುಗಿದು ಮತ್ತೆ ಮೊದಲಿನಿಂದ ಬಂತು.

ಕೊನೆಗೆ ಒಬ್ಬ ಹುಡುಗನ ದನಿ. "ಹೇಳಿ ಸಾರ್, ಸ್ಕ್ರೀನಲ್ಲಿ ಎಷ್ಟು ತೋರಿಸ್ತಿದೆ?"

"ನಾಲ್ಕು. ಆದರೆ ಹಾಲು ಬೆಚ್ಚಗಿದೆ. ಸ್ಕ್ರೀನ್ ಸುಳ್ಳು ಹೇಳ್ತಿದೆ."

"ನಾಲ್ಕಿದ್ರೆ ಸರಿಯಾಗೇ ಇದೆ ಸಾರ್."

"ಕಂಪ್ರೆಸರ್ ಸದ್ದು ಸರಿಯಿಲ್ಲ. ಮೇನ್ ತೆಗೀಲಾ?"

"ಅಯ್ಯೋ, ನೀವಾಗಿ ಏನೂ ಮುಟ್ಟಬೇಡಿ. ಸೆಟ್ಟಿಂಗ್ ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ. ಹಬ್ಬ ಮುಗೀಲಿ, ಎಂಜಿನಿಯರ್ ಕಳಿಸ್ತೀವಿ."

ಅವನು ಹೇಳಿದ್ದನ್ನು ನಾನು ಗೌಡರಿಗೆ ಹೇಳಿದೆ. ಅವರು ಪರದೆ ನೋಡಿದರು, ಬಾಗಿಲು ನೋಡಿದರು. ಟ್ಯಾಂಕಿನ ತುಂಬ ಹಾಲು. ಮೆಷಿನ್ ನಿಲ್ಲಿಸಿದರೆ ಅಷ್ಟೂ ಹುಳಿ. ಆ ಯೋಚನೆ ಅವರ ಮುಖದ ಮೇಲೆ ಹಾದುಹೋದದ್ದನ್ನು ನಾನು ಕಂಡೆ. ನಾನು ಎಷ್ಟು ಸಲ ನೆನೆದಿದ್ದೇನೋ, ಅಷ್ಟು ಸಲವೂ ಅಲ್ಲೇ ತಡೆದು ನಿಲ್ಲುತ್ತೇನೆ. ಆಮೇಲೆ ಅವರು ಕೂಗಿದರು. "ಹಾಳಾಗೋಗ್ಲಿ ಹಾಲು! ಆಚಾರ್ರೇ, ಮೇನ್ ತೆಗೀರಿ!"

ಮೇನ್ ಸ್ವಿಚ್ಚು ಇದ್ದದ್ದು ಮೆಷಿನ್ ರೂಮಿನ ಒಳಗೆ, ಕಂಪ್ರೆಸರಿನ ಆಚೆಯ ಗೋಡೆಯಲ್ಲಿ.

ಆಚಾರ್ರು ಎದ್ದು ಒಳಗೆ ಹೋದರು. ನಾನು ಬಾಗಿಲವರೆಗೆ ಹೋದೆ. ಗೇಜಿನ ಮುಂದೆ ಒಂದು ಗಳಿಗೆ ನಿಂತು, ಹೆಗಲ ಮೇಲಿನ ಹೊಸ ಟವೆಲ್ಲಿನಿಂದ ವಿಭೂತಿ ಒರೆಸಿದರು. ಮುಳ್ಳು ಕೆಂಪು ಗೆರೆಯ ಆಚೆ ಇತ್ತು. "ಓಡ್ಲಾ!" ಎಂದು ಕಿರುಚಿ ಅವರು ಮಾತ್ರ ಓಡಲಿಲ್ಲ. ಸ್ವಿಚ್ಚಿನ ಕಡೆ ಹಾರಿ ಅದನ್ನು ಕೆಳಗೆಳೆದರು. ಅದೇ ಹೊತ್ತಿಗೆ ಪೈಪಿನ ಒಂದು ಕೂಡಿಕೆ ಬಿಟ್ಟುಕೊಂಡಿತು.

ಸದ್ದು ದೊಡ್ಡದೇನಲ್ಲ. ಟೈರು ಒಡೆದ ಹಾಗೆ, ಆಮೇಲೆ ಬುಸ್ಸೆಂದು ಬಿಳಿಯ ಹೊಗೆ. ಬಾಗಿಲಲ್ಲಿದ್ದ ನನಗೇ ಉಸಿರು ಕಟ್ಟಿ ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ಗೌಡರು ಕ್ಯಾನ್ ತೊಳೆಯುವ ತೊಟ್ಟಿಗೆ ಗೋಣಿಚೀಲ ಅದ್ದಿ ಒಂದನ್ನು ನನ್ನ ಮುಖಕ್ಕೆ ಒಗೆದು, ಒಂದನ್ನು ತಾವು ಸುತ್ತಿಕೊಂಡರು. ಇಬ್ಬರೂ ತೆವಳಿಕೊಂಡು ಒಳಗೆ ಹೋಗಿ, ಕೈಗೆ ಸಿಕ್ಕ ಕಾಲನ್ನು ಹಿಡಿದು ಎಳೆದೆವು. ಆಚೆಗೆ ತಂದು ತೊಟ್ಟಿಯೊಳಗೇ ಮಲಗಿಸಿದೆವು. ಆಚಾರ್ರಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ನಾಗಮಂಗಲದ ಡಾಕ್ಟರು ನೋಡಿದ ಕೂಡಲೇ, "ಮೈಸೂರಿಗೆ ಹೋಗಿ. ದಾರಿಯುದ್ದಕ್ಕೂ ಕಣ್ಣಿಗೆ ನೀರು ಹಾಕ್ತಾನೇ ಇರಿ. ನಿಲ್ಲಿಸಿದರೆ ಕಣ್ಣು ಹೋಗುತ್ತೆ" ಎಂದರು. ಹಾಲಿನ ಕ್ಯಾನುಗಳಿಗೆ ನೀರು ತುಂಬಿಕೊಂಡು ವ್ಯಾನಿನಲ್ಲಿ ಹೊರಟೆವು. ಗೌಡರು ಓಡಿಸಿದರು. ನಾನು ಆಚಾರ್ರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ ಚೊಂಬಿನಿಂದ ಸುರಿದೆ. ಪಾಂಡವಪುರ ಹತ್ತಿರವಾದಾಗ ಅವರು, "ಎಲ್ಲಿಗ್ ಬಂದೋ?" ಎಂದರು. ಹೇಳಿದೆ.

"ಮನೆ ತಾವ ನಿಲ್ಸಬ್ಯಾಡ. ಅಬ್ಬದ ಊಟಕ್ಕೆ ಕುಂತಿರ್ತಾವ್ರೆ."

ಶ್ರೀರಂಗಪಟ್ಟಣದಲ್ಲಿ ರಸ್ತೆ ಕಟ್ಟಿಕೊಂಡಿತ್ತು. ಮರುದಿನದ ದಸರಾಕ್ಕೆ ಹೊರಟ ಬಸ್ಸು, ಲಾರಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಕೊನೆಯ ಕ್ಯಾನಿನ ತಳದಲ್ಲಿ ಚೊಂಬು ಕೆರೆಯುವ ಸದ್ದು ಬಂತು. ಆಚಾರ್ರಿಗೂ ಅದು ಕೇಳಿಸಿತು. ನನ್ನ ಮಣಿಕಟ್ಟು ಹಿಡಿದುಕೊಂಡರು. ನಾನು ಇಳಿದು ಒಂದು ಹೋಟೆಲಿಗೆ ನುಗ್ಗಿ, ಕೇಳದೆ ಕುಡಿಯುವ ನೀರಿನ ಕೊಡ ಎತ್ತಿಕೊಂಡು ಬಂದೆ. ಹಿಂದೆ ಬೈಯುತ್ತ ಓಡಿಬಂದ ಹೋಟೆಲಿನವನು ವ್ಯಾನಿನೊಳಗೆ ಇಣುಕಿ, ವಾಪಸು ಓಡಿ ಇನ್ನೊಂದು ಕೊಡ ತಂದುಕೊಟ್ಟ.

ಹಬ್ಬ ಮುಗಿದ ಎಷ್ಟೋ ದಿನಗಳ ಮೇಲೆ ಕಂಪನಿಯವನೊಬ್ಬ ಬಂದ. ಕೀಲಿಮಣೆ ಕುಟ್ಟಿ, ಪೂಜೆಗೆಂದು ನಾವು ಕರೆಂಟು ತೆಗೆದ ಕ್ರಮ ತಪ್ಪು ಎಂದ. ಮೊದಲು ಕಂಪ್ಯೂಟರನ್ನು ಅದರ ರೀತಿಯಲ್ಲಿ ಮುಚ್ಚಬೇಕಂತೆ. ಇಲ್ಲದಿದ್ದರೆ ಅದು ಹಿಂದಿನ ಅಂಕಿಗಳನ್ನೇ ಹಿಡಿದುಕೊಂಡು ಕೂರುತ್ತದಂತೆ. ಪಂಪಿಗೆ ಶುರುವಾಗು ಎಂಬ ಆಜ್ಞೆಯೇ ಹೋಗಿರಲಿಲ್ಲ. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಗೌಡರು ಕೇಳಿದ್ದಕ್ಕೆ, ತಾನು ಹೊಸಬ ಎಂದ.

ಆಚಾರ್ರ ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಬೆಳಕು ಕಾಣುತ್ತದೆ, ಆಕಾರ ಕಾಣುವುದಿಲ್ಲ.

ಇದನ್ನು ಬರೆಯುತ್ತಿರುವುದು ಕಂಪ್ಯೂಟರ್ ಕೊಳ್ಳಬೇಡಿ ಎನ್ನಲು ಅಲ್ಲ. ಮಾರುವವನ ಮಾತು ಕೇಳಿ ಮುಗಿದ ಮೇಲೆ, ಕೆಟ್ಟ ದಿನ ಫೋನ್ ಎತ್ತುವವರು ಯಾರು, ಎತ್ತಿದವರಿಗೆ ಏನಾದರೂ ಗೊತ್ತಿದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ ಎನ್ನಲು. ಗೋಡೆಯ ಮೇಲಿನ ಹಳೆಯ ಪೆಟ್ಟಿಗೆಯನ್ನು ಕಳಚಲು ಬಿಡಬೇಡಿ ಎನ್ನಲು.

ಮಾರನೆಯ ವರ್ಷ ಆಚಾರ್ರ ಅಳಿಯ ತನ್ನ ಔಷಧಿ ಅಂಗಡಿಗೆ ಕಂಪ್ಯೂಟರ್ ತರಲು ಹೊರಟಿದ್ದ. ಒಂದು ಭಾನುವಾರ ಆಚಾರ್ರು ನನ್ನನ್ನು ಪಾಂಡವಪುರಕ್ಕೆ ಕರೆಸಿಕೊಂಡರು. ಅಳಿಯ ಬಣ್ಣದ ಕಾಗದ ಹರಡಿ, ಯಾವ ಮಾತ್ರೆ ಎಲ್ಲಿದೆ, ಯಾವುದರ ಅವಧಿ ಮುಗಿದಿದೆ, ಎಲ್ಲ ಪರದೆಯೇ ಹೇಳುತ್ತದೆ ಎಂದು ವಿವರಿಸಿದ. ಆಚಾರ್ರು ಬಲಗಣ್ಣು ಅವನ ಕಡೆಗಿರುವಂತೆ ತಲೆ ತಿರುಗಿಸಿ ಕೇಳಿಸಿಕೊಂಡರು.

"ಫೋನ್ ಮಾಡ್ಲಾ ಬಿಯೆಸ್ಸಿ, ಇದ್ನ ಮಾರೋ ಕಂಪ್ನಿಗೆ."

"ಇವತ್ತು ಭಾನುವಾರ, ಮಾವ" ಎಂದ ಅಳಿಯ.

"ಅದ್ಕೇ ಕಣಯ್ಯ ಮಾಡು ಅಂದಿದ್ದು."

ಎಸ್‌ಟಿಡಿ ಬೂತಿಗೆ ಮೂವರೂ ಹೋದೆವು. ಗಂಟೆ ಹೊಡೆದುಕೊಂಡೇ ಇತ್ತು. ಎರಡನೆಯ ಸಲವೂ, ಮೂರನೆಯ ಸಲವೂ ಅಷ್ಟೇ. ಅವರು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು, ತಾವೂ ಸ್ವಲ್ಪ ಹೊತ್ತು ಕಿವಿಗಿಟ್ಟುಕೊಂಡು ಕೇಳಿ, ಅಳಿಯನ ಕೈಗೆ ಕೊಟ್ಟರು.

"ಕೇಳುಸ್ಕೊ. ನಿನ್ ಅಂಗ್ಡೀಲಿ ಮಾತ್ರೆ ಅದ್ಲುಬದ್ಲು ಆದಾಗ್ಲೂ ಇಂಗೇ ಹೊಡ್ಕೊತಾ ಇರ್ತದೆ."