ಅರ ಬಚ್ಚಿಟ್ಟ ವಾರ

ನನ್ನ ಗಂಡನ ಅಕ್ಕ ವೆಲ್ಡಿಂಗ್ ಕೆಲಸದವರು. ನಾನು ಅತ್ತಿಗೆ ಎನ್ನುತ್ತೇನೆ, ಬೀದಿಯವರಿಗೆಲ್ಲ ಅವರು ‘ಕಿಡಿ ಅಕ್ಕ’. ತುಂಬಿದ ಬಸುರಿಯಾಗಿದ್ದಾಗ ನಾನೊಮ್ಮೆ ಬಾಡಿಗೆ ವ್ಯಾನು ಹತ್ತಲಾರದೆ ಬಾಗಿಲು ಹಿಡಿದು ನಿಂತಿದ್ದೆ. ಅತ್ತಿಗೆ ಅದನ್ನು ನೋಡಿದ್ದರು. ಆಮೇಲೊಂದು ದಿನ ಕಬ್ಬಿಣದ ಮೆಟ್ಟಿಲೊಂದನ್ನು ಮಾಡಿ ತೋರಿಸಿದರು. ಬಾಗಿಲು ತೆರೆದರೆ ತಾನೇ ಇಳಿಯುತ್ತದೆ, ಮುಚ್ಚಿದರೆ ಮಡಚಿಕೊಳ್ಳುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ, ಒಂದು ಸ್ಪ್ರಿಂಗು ಅಷ್ಟೇ.

ಮಾಡುವುದು ಅಕ್ಕ, ಮಾರುವುದು ತಮ್ಮ ಎಂದಾಯಿತು. ನಮ್ಮವರು ಕಾರ್ಖಾನೆಯ ಕೆಲಸ ಬಿಟ್ಟು ಅಕ್ಕನ ವೆಲ್ಡಿಂಗ್ ಶೆಡ್ಡಿಗೆ ಸೇರಿದರು. ಶಾಲಾ ವ್ಯಾನುಗಳ ಮಾಲೀಕರೊಬ್ಬರು ತಮ್ಮ ಎಲ್ಲ ಗಾಡಿಗಳಿಗೂ ಹಾಕಿಸುವ ಮನಸ್ಸು ಮಾಡಿದರು. ಅವರು ಒಪ್ಪಿದರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಬೀಗ, ಮತ್ತೆ ಕಾರ್ಖಾನೆಯ ಗೇಟು.

ಮೊದಲ ಸಲ ಎರಡು ವ್ಯಾನುಗಳಿಗೆ ಹಾಕಿಟ್ಟಿದ್ದೆವು. ಮಾಲೀಕರು ಹತ್ತಿದರು, ಇಳಿದರು, ಭಾರ ಬಿಟ್ಟು ಕುಣಿದೂ ನೋಡಿದರು. ನಮ್ಮವರ ಮುಖ ಅರಳಿತು. ಆಗ ಅವರು, “ಇದರದ್ದು ಬಿಚ್ಚಿ ಅದಕ್ಕೆ ಹಾಕಿ ನೋಡೋಣ,” ಎಂದರು.

ಅತ್ತಿಗೆ ಬಿಳಿಚಿಕೊಂಡರು. ಗಾಡಿಯಡಿ ಮಲಗಿ, ಎಲ್ಲಿ ತಾಗುತ್ತದೋ ಅಲ್ಲಿ ದುಂಡನೆಯ ಅರದಿಂದ ಉಜ್ಜಿ ಉಜ್ಜಿ ಕೂರಿಸುವುದು ಅವರ ರೀತಿ. ಯಾವ ಗಾಡಿಗೆ ಮಾಡಿದ್ದೋ ಅದಕ್ಕೆ ಮಾತ್ರ ಅದು. ಬಿಚ್ಚಿ ಹಾಕಿ ನೋಡಿದರೆ ಬೋಲ್ಟಿನ ತೂತುಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕೂತವು.

“ಉಜ್ಜಿಬಿಡಕ್ಕ, ಬೇಗ,” ನಮ್ಮವರು ಪಿಸುಗುಟ್ಟಿದರು.

ಅತ್ತಿಗೆ ಅರ ಎತ್ತಿದವರು ಮತ್ತೆ ಕೆಳಗಿಟ್ಟರು. “ಇವತ್ತು ಉಜ್ಜಿದ್ರೆ ಕೂರುತ್ತೆ ಕಣೋ. ನಾಳೆ ಇವರ ಒಂದೊಂದು ಗಾಡಿ ಹಿಂದೂ ಅರ ಹಿಡ್ಕೊಂಡು ಓಡ್ಲಾ?”

ಮಾಲೀಕರು ನಗಲಿಲ್ಲ. “ಗಾಡಿ ನಿಂತ್ರೆ ಮಕ್ಕಳು ರಸ್ತೇಲಿ ನಿಂತಿರ್ತಾರಮ್ಮ. ಯಾವುದನ್ನ ಯಾವುದಕ್ಕೆ ಹಾಕಿದ್ರೂ ಕೂರಬೇಕು. ಮುಂದಿನ ವಾರ ಬರ್ತೀನಿ. ಆಗ್ಲಿಲ್ವಾ, ಬಿಟ್ಬಿಡೋಣ.”

ಅವರು ಹೋದ ಮೇಲೆ ಅತ್ತಿಗೆ ದಪ್ಪ ತಗಡಿಗೆ ನಾಲ್ಕು ತೂತು ಕೊರೆದು ಅಚ್ಚು ಮಾಡಿದರು. ಇನ್ನು ವ್ಯಾನಿಗೂ ಮೆಟ್ಟಿಲಿಗೂ ಅದನ್ನಿಟ್ಟೇ ತೂತು. ಅರವನ್ನು ನನ್ನ ಕೈಗೆ ತುರುಕಿ, “ಬಚ್ಚಿಡೇ. ನಾನೇ ಕಾಲಿಗೆ ಬಿದ್ರೂ ಕೊಡ್ಬೇಡ,” ಎಂದರು. ಮಗುವಿನ ಬಟ್ಟೆಗಳ ಅಡಿಯಲ್ಲಿಟ್ಟೆ.

ಆ ವಾರ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಅತ್ತಿಗೆ ಒಮ್ಮೆ ಕೋಣೆಗೆ ಬಂದು, “ಕೊಡು, ಮಗು ಬಟ್ಟೆ ಮಡಚ್ತೀನಿ,” ಎಂದರು.

“ಮಗು ಹುಟ್ಟಿದಾಗಿನಿಂದ ಒಂದು ಲಂಗೋಟಿ ಮಡಚಿದವರಲ್ಲ ನೀವು. ಇವತ್ತೇನತ್ತಿಗೆ ಇಷ್ಟೊಂದು ಪ್ರೀತಿ?”

ಗೊಣಗುತ್ತ ಹೋದರು.

ಇವತ್ತು ಮಾಲೀಕರು ಬಂದರು. ಮಗುವನ್ನೆತ್ತಿಕೊಂಡು ನಾನೂ ನಿಂತಿದ್ದೆ. ಮೆಟ್ಟಿಲುಗಳನ್ನು ಅದಲು ಬದಲು ಮಾಡಿಸಿದರು. ಮೂರು ಬೋಲ್ಟು ಬೆರಳಲ್ಲೇ ಒಳಗೆ ಹೋದವು, ನಮ್ಮವರು ಆತುರಕ್ಕೆ ಬಿದ್ದು ಬಿಗಿದೂಬಿಟ್ಟರು. ನಾಲ್ಕನೆಯದು ತೂತಿನ ಬಾಯಲ್ಲೇ ನಿಂತಿತು. ಗಾಡಿಯಡಿಯಿಂದ ಅತ್ತಿಗೆಯ ಕೈ ನನ್ನತ್ತ ಚಾಚಿತು. ಯಾತಕ್ಕೆಂದು ನನಗೆ ಗೊತ್ತು. ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

“ಕೊಡಲ್ಲ ಅತ್ತಿಗೆ. ಆ ಮೂರನ್ನೂ ಸ್ವಲ್ಪ ಸಡಿಲ ಮಾಡಿ.”

ಎಲ್ಲ ಬೋಲ್ಟೂ ಕೂರುವ ತನಕ ಒಂದನ್ನೂ ಬಿಗಿಯಬಾರದೆಂದು ತೊಟ್ಟಿಲು ಜೋಡಿಸುವಾಗ ಅವರೇ ನನಗೆ ಹೇಳಿಕೊಟ್ಟಿದ್ದರು. ಕೈ ಹಿಂದೆ ಸರಿಯಿತು. ಸ್ಪ್ಯಾನರ್ ಕಿರ್ರೆಂದಿತು. ನಾಲ್ಕನೆಯದು ಮೆಲ್ಲಗೆ ಒಳಗಿಳಿಯಿತು.

ಮಾಲೀಕರು ಬಾಗಿಲು ತೆರೆದರು. ಮೆಟ್ಟಿಲು ಇಳಿದು ಬಂತು. “ಶುರು ಮಾಡಿ,” ಎಂದರು.

ಅವರು ಹೋದರೂ ಅತ್ತಿಗೆ ಹೊರಗೆ ಬರಲಿಲ್ಲ, ಕಾಲುಗಳಷ್ಟೇ ಕಾಣುತ್ತಿದ್ದವು. ಗಾಬರಿಯಾಗಿ ನಮ್ಮವರು ಬಗ್ಗಿ ಕರೆದರು.

“ತಡಿಯೋ, ಈ ಸ್ಪ್ರಿಂಗು ಇನ್ನೊಂಚೂರು ಚೆನ್ನಾಗಿ ಮಾಡ್ಬೋದು!”

ಅರವನ್ನು ನಾನಿನ್ನೂ ಕೊಟ್ಟಿಲ್ಲ.