ಸುಮ್ಮನಿದ್ದರೆ ಸರಿ

ನಮಗೆ ಕಲಿಸುತ್ತಿದ್ದ ಅಕ್ಕೋರ ಬಲಗೈಯ ತೋರುಬೆರಳು ತುದಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿತ್ತಂತೆ. ಉಗುರಿನ ಸುತ್ತ ಸೀಮೆಸುಣ್ಣದ ಬಿಳಿ, ಎಷ್ಟು ತೊಳೆದರೂ ಹೋಗದ್ದು. ಆ ಬೆರಳು ನಮ್ಮ ಪಾಟಿಯ ಮೇಲೆ ಬಂದು ಒಂದು ಅಂಕಿಯ ಕೆಳಗೆ ನಿಂತರೆ ಅಲ್ಲಿ ತಪ್ಪಿದೆ ಎಂದು ತಿಳಿಯಬೇಕು. ಬೆರಳಿನ ಹಿಂದೆಯೇ ಲವಂಗದ ವಾಸನೆಯ ಮಾತೊಂದು ಕಿವಿಯ ಹತ್ತಿರ ಬರುತ್ತಿತ್ತು.

“ಏಳೆಂಟ್ಲೆ ಎಷ್ಟಪಾ ತಮ್ಮಾ? ಬಾಯಿಲೆ ಅಂದು ನೋಡು.”

ನಾನು ಐವತ್ನಾಲ್ಕು ಎಂದು ಬರೆದಿರುತ್ತಿದ್ದೆ. ಬಾಯಿಂದ ಅನ್ನಲು ಹೋದರೆ ಐವತ್ತಾರು ತಾನಾಗಿ ಹೊರಗೆ ಬರುತ್ತಿತ್ತು. ಪಕ್ಕದವನಿಗೂ ಕೇಳದಂತೆ ತಪ್ಪು ಹೇಳಿ, ಅಲ್ಲಿಯೇ ನಿಂತು ತಿದ್ದಿಸಿಯೇ ಅವರು ಮುಂದೆ ಹೋಗುತ್ತಿದ್ದರು. ಲೆಕ್ಕ ಸರಿ ಇದ್ದವನಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ, ಒಮ್ಮೆ ನೋಡಿ ಮುಂದಿನವನ ಪಾಟಿಗೆ ಕೈ ಚಾಚುತ್ತಿದ್ದರು. ಶಾಬಾಸ್ ಇಲ್ಲ, ಬೆನ್ನು ತಟ್ಟುವುದಿಲ್ಲ. ದೇಗಾಂವದ ಆ ನಾಲ್ಕನೆಯ ಇಯತ್ತೆಯಲ್ಲಿ ನಮ್ಮ ನಮ್ಮೊಳಗೆ ಒಂದು ಕಾಯಿದೆಯೇ ಆಗಿತ್ತು: ಅಕ್ಕೋರು ಸುಮ್ಮನಿದ್ದರೆ ಸರಿ.

ಕೆಂಪು ಶಾಯಿಯ ಪೆನ್ನನ್ನು ಅವರು ಇಟ್ಟುಕೊಂಡದ್ದೇ ಇಲ್ಲ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನಮ್ಮ ವಹಿಗಳನ್ನು ತಿರುವಿ ಹಾಕಿ, “ಒಂದೂ ಕೆಂಪು ಗೆರಿ ಇಲ್ಲಲ್ರೀ ಬಾಯಾರ, ವಹಿ ನೋಡೀರೋ ಇಲ್ಲೋ?” ಎಂದು ಹುಬ್ಬು ಗಂಟಿಕ್ಕಿದರು. ಅಕ್ಕೋರು ಸೆರಗು ಸರಿಮಾಡಿಕೊಂಡು ಸಾವಕಾಶವಾಗಿ ಹೇಳಿದರು: “ಗೆರಿ ಎಳದ್ರ ತಪ್ಪಾಗೇತಿ ಅಂತ ಅಷ್ಟ ತಿಳೀತೈತ್ರಿ ಸಾಹೇಬ್ರ. ಎಲ್ಲೆ ತಪ್ಪಾಗೇತಿ, ಹ್ಯಾಂಗ ತಿದ್ದೂದು, ಅದನ್ನ ಬಾಯಿಲೇನ ಹೇಳಬೇಕಾಕ್ಕೈತಿ.” ಸಾಹೇಬರಿಗೆ ಈ ಮಾತು ಹಿಡಿಸಲಿಲ್ಲ. ಮೊದಲ ಸಾಲಿನಲ್ಲಿ ಕುಳಿತು ಇದನ್ನೆಲ್ಲ ಕೇಳಿದ ನಾನು ಮುಂದೆ ಇದನ್ನೇ ಮರೆತೆ. ಈ ಬರಹ ಆ ಮರೆವಿನ ಕಥೆಯೂ ಹೌದು.

ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ, ಒಂದು ಬೀಜದ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕೆಲಸದ ಕೋಣೆ. ಮಂಗಲ ಕಾರ್ಯಾಲಯ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ದವಾಖಾನೆ, ಯಾರು ಕೇಳಿದರೂ ವೆಬ್‌ಸೈಟು ಮಾಡಿಕೊಡುತ್ತೇನೆ. ಅಕ್ಕೋರು ಅಲ್ಲಿಗೆ ಮೊದಲ ಸಲ ಬಂದಾಗ ನಿವೃತ್ತರಾಗಿ ಹಲವು ವರ್ಷಗಳಾಗಿದ್ದವು. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಎದುರಿಗೆ ಮನುಷ್ಯ ನಿಂತಿದ್ದಾನೆ, ಅತ್ತ ಕಿಟಕಿ ಇದೆ ಎನ್ನುವಷ್ಟು ಬೆಳಕು. ಓದಲು ಬರುತ್ತಿರಲಿಲ್ಲ. ಗಂಡ ಬೇಗನೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನ ಮನೆಯಲ್ಲಿ ಇದ್ದರು. ತಮ್ಮನ ಸೊಸೆ ಅವರ ಫೋನಿನಲ್ಲಿ ಓದಿ ಹೇಳುವ ಧ್ವನಿಯನ್ನು ಚಾಲೂ ಮಾಡಿಕೊಟ್ಟಿದ್ದಳು. ಬೆರಳಿಟ್ಟಲ್ಲಿ ಏನಿದೆಯೋ ಅದನ್ನು ಫೋನು ಹೇಳುತ್ತಿತ್ತು.

“ಈ ಫೋನಿನ್ಯಾಗಿನ ಬಾಯಿಸಾಹೇಬ್ರು ಬೆಂಗಳೂರ ಕಡೆಯಾರು. ನಮ್ಮ ಮಾತು ಅಷ್ಟಾಗಿ ತಿಳಿಯೂದಿಲ್ಲ. ಆದ್ರ ಸಿಟ್ಟು ಮಾಡೂದಿಲ್ಲ, ನೂರು ಸಲ ಕೇಳಿದ್ರೂ ಹೇಳ್ತಾರ” ಎಂದು ಅಕ್ಕೋರು ನಕ್ಕರು.

ನನ್ನ ಕೆಲಸ ತೋರಿಸು ಎಂದರು. ಊರಿನ ಒಂದು ಖಾಸಗಿ ಕಣ್ಣಿನ ದವಾಖಾನೆಗೆ ಆಗಷ್ಟೇ ಮಾಡಿದ್ದ ವೆಬ್‌ಸೈಟನ್ನು ಅವರ ಫೋನಿನಲ್ಲಿ ತೆಗೆದುಕೊಟ್ಟೆ. ಬಣ್ಣಬಣ್ಣದ ಚಿತ್ರಗಳ ಸೊಗಸಾದ ಪುಟ, ನಾನೇ ನೋಡಿ ನಾನೇ ಹಿಗ್ಗಿದ್ದು. ಅಕ್ಕೋರ ವಾಲಿದ ಬೆರಳು ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಸರಿಯಿತು. ಧ್ವನಿ ಹೇಳಿತು: “ಚಿತ್ರ. ಬಟನ್. ಬಟನ್. ಬಟನ್.”

“ಹಾಜರಿ ಕರದಂಗ ಆತಲ್ಲೋ. ಒಬ್ಬರಿಗೂ ಹೆಸರಿಲ್ಲ” ಎಂದರು ಅಕ್ಕೋರು.

ಕಣ್ಣಿನ ದವಾಖಾನೆಯ ಪುಟ ಕಣ್ಣಿಲ್ಲದವರಿಗೆ ಉಪಯೋಗವಿಲ್ಲ! ನನಗೆ ಮುಖ ಎತ್ತಲಾಗಲಿಲ್ಲ. ಅವರನ್ನು ಕೂರಿಸಿಕೊಂಡೇ ಪ್ರತಿ ಬಟನ್ನಿಗೂ ಚಿತ್ರಕ್ಕೂ ಒಂದೊಂದು ಹೆಸರು ಕೊಟ್ಟೆ. ಮತ್ತೆ ಬೆರಳಾಡಿಸಿದರು. “ವೈದ್ಯರ ಭೇಟಿಗೆ ಹೆಸರು ಬರೆಸಿ, ಬಟನ್” ಎಂದಿತು ಫೋನು. ಅಕ್ಕೋರು ಏನೂ ಅನ್ನದೆ ಕೆಳಗಿನ ಸಾಲಿಗೆ ಬೆರಳು ಸರಿಸಿದರು. ಐವತ್ತಾರು ಎಂದು ಬರೆದ ಹುಡುಗನಷ್ಟೇ ಖುಷಿ ನನಗೆ.

“ಇದರ ಒಳಗಿಂದೂ ನೋಡೂಣೇನು?” ಎಂದು ಕೇಳಿದರು. ಹೆಸರು, ವಯಸ್ಸು, ಫೋನ್ ನಂಬರು ತುಂಬುವ ಫಾರ್ಮ್ ಅದರ ಒಳಗಿತ್ತು. ಕೆಳಗೆ ಒಬ್ಬ ಗಿರಾಕಿ ನನಗಾಗಿ ಕಾಯುತ್ತಿದ್ದ. “ಅದೇನಿಲ್ರೀ ಅಕ್ಕೋರ, ಸಾದಾ ಐತಿ. ನಾಳಿ ನಾನ ನೋಡ್ತೇನಿ” ಎಂದೆ. ಆ ನಾಳೆ ಬರಲಿಲ್ಲ. ಬಾರದೆ ಏನು, ದಿನಾಲೂ ಬಂದು ಹೋಯಿತು, ನಾನು ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಅಕ್ಕೋರ ಬಲಗಣ್ಣು ನೋಯತೊಡಗಿತು. ಔಷಧದ ಹನಿಗೆ ಒತ್ತಡ ಇಳಿಯಲಿಲ್ಲ. ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಅದೇ ದವಾಖಾನೆಗೆ ಬರುವ ದೊಡ್ಡ ಡಾಕ್ಟರರಿಗೆ ತಡಮಾಡದೆ ತೋರಿಸಬೇಕು, ಶಸ್ತ್ರಚಿಕಿತ್ಸೆ ಬೇಕಾದೀತು ಎಂದು ಅಲ್ಲಿನವರು ಹೇಳಿದ್ದರು. ಭೇಟಿಗೆ ಮೊದಲೇ ವೆಬ್‌ಸೈಟಿನಲ್ಲಿ ಹೆಸರು ಬರೆಸಬೇಕಿತ್ತು. ಸೊಸೆ ತಾನು ತುಂಬುತ್ತೇನೆ ಎಂದಳಂತೆ. ಅಕ್ಕೋರು ಒಪ್ಪಲಿಲ್ಲ. “ಕೈ ಹಿಡದು ಬರಸೂದು ಒಂದನೇ ಇಯತ್ತೆಗೇ ಮುಗೀತು. ನನ್ನ ಹುಡುಗ ಮಾಡಿದ್ದೈತಿ, ನಾನ ತುಂಬತೇನಿ” ಎಂದರಂತೆ. ತುಂಬಿದರು. ಕಡೆಗೆ ‘ಕಳಿಸಿ’ ಎಂಬುದನ್ನು ಒತ್ತಿದರು. ಫೋನು ಏನೂ ಅನ್ನಲಿಲ್ಲ.

ಭೇಟಿಯ ದಿನ ಬೆಳಗಿನ ಬಸ್ಸಿಗೆ ಸೊಸೆಯೊಂದಿಗೆ ಕಿತ್ತೂರಿನ ಮೇಲೆ ಹಾಯ್ದು ಬೈಲಹೊಂಗಲಕ್ಕೆ ಬಂದರು. ದವಾಖಾನೆಯ ಹುಡುಗಿ ಯಾದಿ ನೋಡಿ, “ನಿಮ್ಮ ಹೆಸರ ಇಲ್ರೀ ಅಜ್ಜಿ” ಎಂದಳು. ಮೂವತ್ತು ವರ್ಷ ಊರ ಮಕ್ಕಳ ಹಾಜರಿ ಕರೆದವರು, ಇನ್ನೊಮ್ಮೆ ನೋಡವ್ವಾ, ಇನ್ನೊಮ್ಮೆ ನೋಡು ಎಂದು ಕೈಮುಗಿದರಂತೆ. ಯಾದಿಯಲ್ಲಿದ್ದವರೇ ಬಹಳ ಜನ. ಮಧ್ಯಾಹ್ನ ಮೀರುವವರೆಗೂ ಬೆಂಚಿನ ಮೇಲೆ ಕಾದರು. ಡಾಕ್ಟರರು ಹೊರಟು ಹೋದರು.

ಅಲ್ಲಿಂದ ನೇರ ನನ್ನ ಮಾಳಿಗೆ ಹತ್ತಿ ಬಂದರು. ಹ್ಯಾಂಗ ತುಂಬಿದ್ರಿ, ಮಾಡಿ ತೋರಸ್ರಿ ಎಂದೆ. ತೋರಿಸಿದರು. ಫೋನ್ ನಂಬರನ್ನು ಐದೈದು ಅಂಕಿ ಮಾಡಿ, ನಡುವೆ ಜಾಗ ಬಿಟ್ಟು ತುಂಬಿದರು, ನಾವೆಲ್ಲ ಬಾಯಿಂದ ಹೇಳುವ ಹಾಗೆಯೇ. ‘ಕಳಿಸಿ’ ಒತ್ತಿದರು. ನಂಬರಿನ ಸುತ್ತ ಒಂದು ಕೆಂಪು ಗೆರೆ ಮೂಡಿತು. ಮೇಲೆ ಸಣ್ಣ ಕೆಂಪು ಅಕ್ಷರದಲ್ಲಿ ‘ಸರಿಯಾದ ನಂಬರ್ ಹಾಕಿ’ ಎಂದು ಬಂತು. ಅದನ್ನು ಧ್ವನಿಗೆ ತಿಳಿಸುವ ವ್ಯವಸ್ಥೆಯನ್ನೇ ನಾನು ಮಾಡಿರಲಿಲ್ಲ. ಫಾರ್ಮ್ ಹೋಗದೆ ಅಲ್ಲಿಯೇ ನಿಂತಿತ್ತು, ಫೋನು ಮೂಕವಾಗಿತ್ತು.

“ಹಿಂಗ ಸುಮ್ಮನಾತು ನೋಡು” ಎಂದರು ಅಕ್ಕೋರು. “ಸುಮ್ಮನಾತಲ್ಲ, ಸರಿ ಐತಿ ಅಂತ ತಿಳಕೊಂಡೆ.”

ಕೆಂಪು ಗೆರೆ ಎಳೆದು ಬಾಯಿ ಮುಚ್ಚಿಕೊಂಡವನು ನಾನು, ಅದೂ ಅವರ ಕೈಯಲ್ಲಿ ಕಲಿತವನು. ಆದರೂ ನನ್ನ ಬಾಯಿಂದ ಬಂದ ಮಾತು, “ಆವತ್ತ ನೆಟ್‌ವರ್ಕ್ ಇದ್ದಿರಾಕಿಲ್ರೀ ಅಕ್ಕೋರ.” ಮುಂದಿನ ತಿಂಗಳ ಭೇಟಿಗೆ ನಾನೇ ಹೆಸರು ಬರೆಸಿದೆ. ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ!

ಮುಂದಿನ ತಿಂಗಳು ಬರುವಷ್ಟರಲ್ಲಿ ಬಲಗಣ್ಣಿನ ಬೆಳಕೂ ಹೋಯಿತು. ತಿಂಗಳ ಮೊದಲೇ ಬಂದಿದ್ದರೂ ಉಳಿಯುತ್ತಿತ್ತೆಂದು ಖಾತ್ರಿ ಹೇಳಲಾರೆ ಎಂದರಂತೆ ಡಾಕ್ಟರರು. ಕೇಳಿದವರೆಲ್ಲ ನನಗೆ, ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿ ಆಯಿತು, ನೀನೇಕೆ ಹಚ್ಚಿಕೊಳ್ಳುತ್ತೀ ಎಂದರು. ಆ ಮಾತಿನಲ್ಲಿ ಸಮಾಧಾನ ಹುಡುಕಿದೆ. ಸಿಗಲಿಲ್ಲ. ಒಂದು ತಿಂಗಳನ್ನು ಅವರಿಂದ ಕಸಿದುಕೊಂಡವನು ನಾನೇ.

ಒಂದು ರವಿವಾರ ದೇಗಾಂವಕ್ಕೆ ಹೋದೆ. ಅಕ್ಕೋರು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಜೊಳ್ಳು ಕಾಳನ್ನು ಬೆರಳಿನಿಂದಲೇ ಗುರುತಿಸಿ ಬೇರೆ ಇಡುತ್ತಿದ್ದರು. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು, ಮುಖ ನನ್ನ ಕಡೆಗಿರಲಿಲ್ಲ. ತಪ್ಪು ನಂದ ಐತ್ರಿ ಎಂದಷ್ಟೇ ಹೇಳಿ ನಿಂತೆ. ಅವರ ಕೈ ತಡಕಾಡಿ ನನ್ನ ಮಣಿಕಟ್ಟು ಹಿಡಿಯಿತು. ಆ ಬೆರಳು ನಾಡಿಯ ಮೇಲೆ ನಿಂತಿತು.

“ಎಲ್ಲೆ ತಪ್ಪಾತು? ಬಾಯಿಲೆ ಹೇಳು.”

“ನಂಬರಿನ ನಡುವ ಜಾಗ ಬಿಟ್ಟಿದ್ರಿ. ಅದು ನಡೀಬೇಕಿತ್ರಿ, ನಾ ನಡ್ಯಾಕ ಬಿಟ್ಟಿರಲಿಲ್ಲ.”

“ಆಮ್ಯಾಲೆ?”

“ಕೆಂಪು ಗೆರಿ ಬಂತ್ರಿ. ನಿಮಗ ಹೇಳಲಿಲ್ಲ ಅದು.”

“ಆಮ್ಯಾಲೆ?”

“ನೆಟ್‌ವರ್ಕ್ ಅಂತ ಸುಳ್ಳು ಹೇಳಿದೆ ಅಕ್ಕೋರ.”

ಕೈ ಬಿಟ್ಟರು. ಮತ್ತೆ ಶೇಂಗಾ ಒಡೆಯತೊಡಗಿದರು. ಕ್ಷಮೆ ಕೇಳಿದೆ, ಅದಕ್ಕೆ ಅವರು ಏನೂ ಅನ್ನಲಿಲ್ಲ. ನಾನು ಹೊರಡುವಾಗ ಮಾತ್ರ, “ನನ್ನಂಥಾರು ಇನ್ನೂ ಇರ್ತಾರ. ಮೊದಲ ಹೋಗಿ ಅದನ್ನ ತಿದ್ದು” ಎಂದರು. ಅವತ್ತೇ ತಿದ್ದಿದೆ. ಈಗ ತಪ್ಪಾದರೆ ಅದು ಬಾಯಿಬಿಟ್ಟು ಹೇಳುತ್ತದೆ, ಯಾವ ಸಾಲು, ಹೇಗೆ ತಿದ್ದಬೇಕು ಎಂದು. ಸರಿಯಾದರೂ ಹೇಳುತ್ತದೆ: ‘ನಿಮ್ಮ ಹೆಸರು ಬರೆದುಕೊಂಡಿದ್ದೇವೆ.’

ಆಮೇಲೆ ನಾನು ಮಾಡಿದ ಪ್ರತಿಯೊಂದು ವೆಬ್‌ಸೈಟನ್ನೂ ಮೊದಲು ಅಕ್ಕೋರಿಗೆ ಕಳಿಸುತ್ತಿದ್ದೆ. ಅವರೇ ಕಳಿಸು ಎಂದಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ ಫೋನು ಮಾಡುತ್ತಿದ್ದರು: “ಮಂಗಲ ಕಾರ್ಯಾಲಯದ ತಾರೀಖ ಆರಿಸೂ ಕಡೆ ಸಿಕ್ಕಿಬೀಳ್ತೇನಿ ನೋಡು, ಹೊರಗ ಬರಾಕ ಆಗವಲ್ದು.” ತಿದ್ದಿ ಮತ್ತೆ ಕಳಿಸುತ್ತಿದ್ದೆ. ಸಂಜೆಯವರೆಗೆ ಫೋನು ಬರದಿದ್ದರೆ ಸರಿ ಎಂದು ತಿಳಿದು ಗಿರಾಕಿಗೆ ಒಪ್ಪಿಸುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಕಣ್ಣಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ವಾರದ ಮೇಲೆ ಮತ್ತೆ ಹೋದಾಗ ಸೊಸೆ ಅವರ ಫೋನು ತಂದು ನನ್ನ ಕೈಗಿಟ್ಟಳು. “ಮುಟ್ಟಿದ್ರ ಸಾಕ, ಮಾತಾಡ್ತೈತ್ರಿ ಅಣ್ಣಾರ. ಮನ್ಯಾಗ ಎಲ್ಲಾರಿಗೂ ಕಣ್ಣಾಗ ನೀರು ಬರ್ತಾವ. ಬಂದ್ ಮಾಡಿ ಕೊಡ್ರಿ” ಎಂದಳು.

ಅದೇ ಕಟ್ಟೆಯ ಮೇಲೆ ಕುಳಿತು ಬಂದ್ ಮಾಡಿದೆ. ‘ಓದಿ ಹೇಳುವ ಧ್ವನಿ ಆಫ್ ಆಗಿದೆ’ ಎಂದು ಫೋನಿನ ಬಾಯಿಸಾಹೇಬರು ತಾವೇ ಹೇಳಿ ಸುಮ್ಮನಾದರು.

ಈಗಲೂ ಹೊಸ ಕೆಲಸ ಮುಗಿದ ದಿನ ಸಂಜೆಯವರೆಗೆ ಕಾಯುತ್ತೇನೆ. ಫೋನು ಬರುವುದಿಲ್ಲ. ನಾನು ಕ್ಷಮೆ ಕೇಳಿದ ದಿನವೂ ಅವರು ಹೀಗೆಯೇ ಏನೂ ಅನ್ನಲಿಲ್ಲ. ಅಕ್ಕೋರು ಸುಮ್ಮನಿದ್ದರೆ ಸರಿ ಎಂದು ಕಲಿತು ಬೆಳೆದವನು ನಾನು, ಆದರೆ ಸರಿ ಎಂದುಕೊಳ್ಳುವ ಧೈರ್ಯ ನನಗೆ ಇವತ್ತಿಗೂ ಆಗಿಲ್ಲ.